ಮಾವ ಗೆದ್ದ ದೇಶಗಳು

ನಮ್ಮ ಕುರುಗೋಡಿನ ಗುಡ್ಡದ ಮೇಲೆ ಆಳಿದ ರಾಜರೆಲ್ಲ ಸೇರಿ ಗೆದ್ದ ದೇಶಗಳಿಗಿಂತ ನಮ್ಮ ಸೋದರಮಾವ ಮನೆಯ ಕಟ್ಟೆಯ ಮೇಲೆ ಕುಳಿತು ಗೆದ್ದ ದೇಶಗಳೇ ಹೆಚ್ಚು! ಉತ್ಪ್ರೇಕ್ಷೆ ಅಂತೀರಾ? ಅವನು ಹೇಳುವ ರಾಜನ ಕಥೆಗೆ ಸಿಕ್ಕಿಬಿದ್ದವರನ್ನು ಕೇಳಿ ನೋಡಿ. ಕೂತವರಿಗೆ ಅತ್ತೆ ಚಹಾ ಕೊಡುತ್ತಿದ್ದಳು. ತಪ್ಪಿಸಿಕೊಳ್ಳುವ ದಾರಿ ಮಾತ್ರ ಯಾರೂ ಕೊಡುತ್ತಿರಲಿಲ್ಲ.

ಆ ರಾಜನಿಗೆ ಹೆಸರಿಲ್ಲ, ಊರೂ ಒಂದಲ್ಲ. ನನಗೆ ಹೆಣ್ಣು ನೋಡಲು ಸಿರುಗುಪ್ಪಕ್ಕೆ ಹೋದಾಗ ಅವನು ತುಂಗಭದ್ರೆಯ ದಂಡೆಯಲ್ಲಿ ಭತ್ತದ ನಾಟಿ ಮಾಡಿಸಿದವನಾದ. ಯಾಕೆಂದರೆ ಬೀಗರದು ಭತ್ತದ ಗದ್ದೆ. ಅಷ್ಟರಲ್ಲಿ ಆಂಧ್ರದ ಆದೋನಿ ಕಡೆಯ ಅವರ ನೆಂಟರೊಬ್ಬರು ಒಳಗೆ ಬಂದರು. ನಮ್ಮ ಉಪ್ಪಿಟ್ಟು ಮುಗಿಯುವುದರೊಳಗೆ ರಾಜನ ತಾಯಿ ತೆಲುಗಿನವಳಾಗಿದ್ದಳು! ಬೀಗರು ಒಪ್ಪಿಬಿಟ್ಟರು. ಒಪ್ಪಿದ್ದು ನನ್ನನ್ನೋ ಆ ರಾಜನನ್ನೋ, ಹೆಂಡತಿ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ದೇಶಗಳ ಹೆಸರಿನ ವಿಷಯದಲ್ಲಿ ಮಾವ ಬಲು ಬಿಗಿ. ಭೂಪಟ ಏನೇ ಹೇಳಲಿ, ಅವನಿಗೆ ಥಾಯ್ಲೆಂಡ್ ಎಂದರೆ ಸಯಾಮೇ, ಇರಾನ್ ಎಂದರೆ ಪರ್ಷಿಯಾನೇ. ಒಮ್ಮೆ ರಾಜ ಹಡಗೇರಿ ಸಿಲೋನಿನ ಮೇಲೆ ದಂಡೆತ್ತಿ ಹೋದಾಗ ನಾನು ಅಡ್ಡ ಬಾಯಿ ಹಾಕಿದೆ.

"ಮಾಮಾ, ಅದು ಈಗ ಸಿಲೋನ್ ಅಲ್ಲ, ಶ್ರೀಲಂಕಾ."

ಮಾವ ಒಂದು ಚೂರೂ ತಡವರಿಸಲಿಲ್ಲ. "ಹೌದಲೇ! ಗೆದ್ದ ಮ್ಯಾಲ ಆ ಹೆಸರು ಇಟ್ಟಾಂವ ಯಾರು ಅಂತ ತಿಳ್ಕೊಂಡಿ? ನಮ್ಮ ರಾಜಾನ ಅಲ್ಲೇನು!"

ಇಷ್ಟೆಲ್ಲ ಬದಲಾದರೂ ಕಥೆಯ ಕೊನೆ ಮಾತ್ರ ಬದಲಾಗುತ್ತಿರಲಿಲ್ಲ. ರಾಜ ಗೆದ್ದು ಬರುವಷ್ಟರಲ್ಲಿ ರಾಣಿ ಜ್ವರ ಬಂದು ತೀರಿಕೊಂಡಿರುತ್ತಿದ್ದಳು. ಪ್ರತಿ ಸಲವೂ ಅತ್ತೆ ಜಗಳಕ್ಕೆ ನಿಲ್ಲುವಳು.

"ಆ ಹೆಣ್ಮಗಳನ್ನ ಒಮ್ಮೆರ ಉಳಸ್ರಿ! ಅಷ್ಟು ದೇಶ ಗೆದ್ದಾಂವಗ ಒಬ್ಬ ವೈದ್ಯ ಸಿಗಲಿಲ್ಲೇನು?"

"ಇತಿಹಾಸ ಐತಿ ಅದು! ಮನಸಿಗೆ ಬಂದಂಗ ತಿದ್ದಾಕ ಬರ್ತೈತೇನು?"

ಕೇಳಿದಿರಾ, ಈ ಮಾತು ಯಾರ ಬಾಯಲ್ಲಿ!

ಈಚೆಗೆ ಅತ್ತೆಗೆ ಹೃದಯದ ಆಪರೇಷನ್ ಆಗಬೇಕೆಂದು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದೆವು. ಅವಳನ್ನು ಒಳಗೆ ಕರೆದೊಯ್ಯುವ ಹೊತ್ತು ಹತ್ತಿರ ಬಂದಂತೆ ಮಾವನ ಬಾಯಿಂದ ಮಾತೇ ಹೊರಡದು. ಅವನು ಮಾತಿಲ್ಲದೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಸುಮ್ನ ಯಾಕ ಕುಂತೀರಿ? ನಿಮ್ಮ ರಾಜನ್ನ ಕರೀರಿ," ಎಂದಳು ಅತ್ತೆಯೇ.

ಮಾವ ಮೆಲ್ಲಗೆ ಶುರುಮಾಡಿದ. ಹಡಗಿಲ್ಲ, ಆನೆಯಿಲ್ಲ, ಸಯಾಮೂ ಇಲ್ಲ. ಈ ಸಲ ರಾಜ ತನ್ನ ಕೋಟೆಯ ಗುಡ್ಡ ಇಳಿಯಲೇ ಇಲ್ಲ. ದಂಡನ್ನು ವಾಪಸ್ ಕಳಿಸಿ ರಾಣಿಯ ತಲೆದೆಸೆಯಲ್ಲಿ ಕುಳಿತ. ಬೆಳಗಾಗುತ್ತಲೇ ಜ್ವರ ಬಿಟ್ಟಿತು. ರಾಣಿ ಎದ್ದು ಕೂತು ಚಹಾ ಕೇಳಿದಳು.

ಅತ್ತೆ ನಕ್ಕಳು. "ಆಗ ಚಹಾ ಎಲ್ಲಿತ್ರಿ? ಮತ್ತ ನಿಮ್ಮ ಇತಿಹಾಸ?"

"ದೇಶ ದೇಶದ ಹೆಸರೇ ಬದಲಾಗ್ಯಾವ," ಎನ್ನುತ್ತ ಮಾವ ಅವಳ ಕೈ ಹಿಡಿದುಕೊಂಡ. "ಇದೊಂದು ಬದಲಾಗ್ಲಿ ಬಿಡು."

ಅತ್ತೆ ಗುಣವಾಗಿ ಮನೆಗೆ ಬಂದಳು. ಆಮೇಲೆ ಮಾವನ ರಾಜ ಯಾವ ದೇಶದ ಮೇಲೂ ದಂಡೆತ್ತಿ ಹೋಗಿಲ್ಲ.