ಹುಲಿ ಹೇಳಿದ ಸಾಕ್ಷಿ

ಧೈರ್ಯವಂತರನ್ನು ಕಂಡರೆ ನನಗೆ ಬಹಳ ಗೌರವ. ಆದರೆ ಹತ್ತಿರ ಹೋಗಿ ಆ ಗೌರವವನ್ನು ತಿಳಿಸುವುದಿಲ್ಲ, ಅಂಜಿಕೆ. ನನ್ನ ಹೆಸರು ಹಣಮಂತಪ್ಪ. ಈ ಹೆಸರಿನ ವಿಷಯ ಬಂದಾಗಲೆಲ್ಲ ನಮ್ಮ ಅವ್ವ ಹಣೆ ಹಣೆ ಬಡಿದುಕೊಳ್ಳುತ್ತಾಳೆ. "ಹೆಸರಿಟ್ಟಿದ್ದು ನಂದ ತಪ್ಪು. ಅವ ಸಮುದ್ರ ಹಾರಿದ, ಇವ ಬಚ್ಚಲ ಗಟಾರ ಹಾರಾಕ ಒಲ್ಲ!" ಅವಳು ಸುರಪುರದ ಹೆಣ್ಣುಮಗಳು, ಮಾತಿಗೆ ಒರೆ ಇಲ್ಲ. ನನ್ನದೋ, ಒರೆ ಬಿಟ್ಟು ಹೊರಗೆ ಬರದ ಮಾತು. ಒಮ್ಮೆ ದರ್ಜಿಯವನು ತೋಳು ಗಿಡ್ಡ ಹೊಲಿದುಕೊಟ್ಟ ಅಂಗಿಯನ್ನು "ಭಾಳ ಚಲೋ ಆಗ್ಯಾದ್ರಿ" ಎಂದು ಹೊಗಳಿ ತಂದು, ಎರಡು ವರ್ಷ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಿರುಗಿದೆ. ನೋಡಿದವರು ಏನೋ ಗಂಭೀರ ವಿಚಾರದಲ್ಲಿದ್ದಾನೆ ಎಂದುಕೊಂಡರು. ಹೀಗೆ ಅಂಜುಬುರುಕತನಕ್ಕೂ ಒಂದು ಮರ್ಯಾದೆ ಸಿಗುವುದುಂಟು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಶಹಾಪುರದ ಒಂದು ಸಣ್ಣ ಕಚೇರಿಯಲ್ಲಿ ಗುಮಾಸ್ತ. ರಾಜ್ಯ ಬದಲಾಯಿತು, ಬೋರ್ಡು ಬದಲಾಯಿತು, ಊರವರೆಲ್ಲ ಅದರಿಂದ ಏನೇನು ಆಗುತ್ತದೆಂದು ಕಟ್ಟೆಯ ಮೇಲೆ ಕುಳಿತು ವಾದ ಮಾಡಿದರು. ನನ್ನ ಮಟ್ಟಿಗೆ ಆದದ್ದು ಇಷ್ಟೇ: ಅಲ್ಲಿಯತನಕ "ಜೀ ಹುಜೂರ್" ಅನ್ನುತ್ತಿದ್ದವನು "ಹೌದು ಸರ್" ಅನ್ನತೊಡಗಿದೆ. ಹೊಸ ಸಾಹೇಬರು ಮೈಸೂರು ಕಡೆಯವರು. ಒಳ್ಳೆಯವರೇ. ಆದರೆ ಅವರ ಹುಬ್ಬು ಬಹಳ ದಪ್ಪ. ಮಾತಾಡುವಾಗ ಅವು ಮೇಲಕ್ಕೇರಿದರೆ ನನ್ನ ಜೀವ ಕೆಳಕ್ಕಿಳಿಯುತ್ತಿತ್ತು.

ಕಚೇರಿಯಲ್ಲಿ ನಾನು ಮನಸಾರೆ ಮೆಚ್ಚಿದ ಮನುಷ್ಯ ಒಬ್ಬನೇ, ಹಳೆಯ ಕಾಗದಪತ್ರ ನೋಡಿಕೊಳ್ಳುವ ಖಾಜಾಮಿಯಾ. ನಿಜಾಮರ ಕಾಲದ ಉರ್ದು ಕಾಗದಗಳೆಲ್ಲ ಕೆಂಪು ಬಟ್ಟೆಯ ಗಂಟುಗಳಲ್ಲಿ ಅವನ ಕೋಣೆಯಲ್ಲಿದ್ದವು. ಯಾವ ಹೊಲದ ಕಾಗದ ಬೇಕೆಂದರೂ ಅವನು ಕಣ್ಣು ಮುಚ್ಚಿ ಎರಡು ಗಳಿಗೆ ನಿಂತು, ನೇರವಾಗಿ ಹೋಗಿ ಆ ಗಂಟನ್ನೇ ಎಳೆಯುತ್ತಿದ್ದ. ಐವತ್ತು ದಾಟಿದ ಮನುಷ್ಯ, ರಾಜ್ಯ ಬದಲಾದ ತಿಂಗಳಲ್ಲೇ ಒಂದು ಪಾಟಿ ಕೊಂಡು ತಂದು ನನ್ನ ಮುಂದಿಟ್ಟ. "ಹಣಮಂತಪ್ಪ, ಮಾತು ಬರ್ತದ, ಅಕ್ಷರ ಬರಂಗಿಲ್ಲ. ಕಲಸ್ರಿ." ಕಚೇರಿ ಬಿಟ್ಟ ಮೇಲೆ ದಿನಾ ಅರ್ಧ ತಾಸು ಕಲಿಸಿದೆ. ನಾನು ಮೇಲೆ ಬರೆದದ್ದನ್ನು ಅವನು ಕೆಳಗೆ ತಿದ್ದುತ್ತಿದ್ದ. ವರ್ಷ ತುಂಬುವುದರೊಳಗೆ ಸರಾಗ ಓದುವಂತಾದ. ಮನೆಯಲ್ಲಿ ಹೆಂಡತಿಗೆ ಕಣ್ಣು ಕಾಣದು. ಬೆಳಗ್ಗೆ ರೊಟ್ಟಿ ಬಡಿದು, ಅವಳ ಕೈಗೆ ತಂಬಿಗೆ ಎಟುಕುವಂತಿಟ್ಟು ಕಚೇರಿಗೆ ಬರುತ್ತಿದ್ದ. ಅದರ ನಡುವೆ ಈ ಕಲಿಕೆ! ನೆನೆದರೆ ಈಗಲೂ ತಲೆ ಬಾಗುತ್ತದೆ.

ಅಂಥವನಿಗೆ ನಾನು ಮಾಡಿದ್ದೇನು ಕೇಳಿ. ಒಂದು ದಿನ ಸಾಹೇಬರು ನನ್ನನ್ನು ಕರೆದು, ಹುಬ್ಬೇರಿಸಿ, "ಏನ್ರೀ, ಈ ಖಾಜಾಮಿಯಾಗೆ ಕನ್ನಡ ಓದೋಕೆ ಬರೋಲ್ಲ ತಾನೆ?" ಎಂದರು. ಯಾರೋ ಮೊದಲೇ ಹಾಗೆ ಹೇಳಿದ್ದರು. ನನ್ನ ಬಾಯಿ ರೂಢಿಯಂತೆ "ಹೌದು ಸರ್" ಅಂದಿತು. "ಹಾಗಾದರೆ ಬರೆದು ತನ್ನಿ" ಎಂದರು. ಬರೆದೆ! ಕನ್ನಡ ಬಾರದ್ದರಿಂದ ಅವನನ್ನು ಹಳೆಯ ಗಂಟುಗಳ ಜೊತೆಗೆ ಬೀದರಿಗೆ ಕಳಿಸಬೇಕೆಂಬ ಶಿಫಾರಸು. ಆ ಕಣ್ಣಿಲ್ಲದ ಹೆಣ್ಣುಮಗಳು ಬೀದರಿನಲ್ಲಿ ಯಾವ ಗೋಡೆ ಹಿಡಿದು ನಡೆಯಬೇಕು? ತಪ್ಪೊಪ್ಪಿಕೊಳ್ಳಲು ಮೂರು ಸಲ ಸಾಹೇಬರ ಬಾಗಿಲಿಗೆ ಹೋದೆ. ಮೊದಲ ಸಲ "ಏನು?" ಅಂದರು, ಗಡಿಯಾರ ನೋಡಲು ಬಂದೆ ಎಂದೆ. ಎರಡನೆಯ ಸಲ ಮಸಿಕುಡಿಕೆ ತುಂಬಿಸಿ ಬಂದೆ. ಮೂರನೆಯ ಸಲ ತುಂಬಿದ್ದ ಕುಡಿಕೆಯನ್ನೇ ಮತ್ತೆ ತುಂಬಿಸಹೋಗಿ ಮೇಜೆಲ್ಲ ಮಸಿ ಮಾಡಿದೆ. ಅಷ್ಟರಲ್ಲಿ ಅಲಾಯಿ ಹಬ್ಬದ ರಜೆ ಬಂತು. ರಜೆ ಮುಗಿದ ಕೂಡಲೆ ಸಾಹೇಬರ ರುಜು ಬಿದ್ದು ಕಾಗದ ಯಾದಗಿರಿಗೆ ಹೋಗಿ ಮೇಲಿನ ಕಚೇರಿಗೆ ರೈಲು ಹತ್ತುವುದಿತ್ತು.

ನಮ್ಮ ಕಡೆ ಮೊಹರಮ್ಮಿಗೆ ಅಲಾಯಿ ಹಬ್ಬ ಅನ್ನುತ್ತಾರೆ. ಹಿಂದೂಗಳು, ಮುಸಲ್ಮಾನರು ಎಂಬ ಲೆಕ್ಕವಿಲ್ಲ, ಹರಕೆ ಎಲ್ಲರದೂ. ನಾನು ಕೂಸಿದ್ದಾಗ ಜ್ವರ ಬಂದು ಕೈಬಿಟ್ಟು ಹೋಗುವಂತಾಗಿದ್ದೆನಂತೆ. ಬದುಕಿದರೆ ಮಗನಿಗೆ ಹುಲಿ ಹಾಕಿಸುತ್ತೇನೆಂದು ಅವ್ವ ಅಲಾಯಿ ದೇವರಿಗೆ ಬೇಡಿಕೊಂಡಿದ್ದಳು. ಮೈಗೆಲ್ಲ ಪಟ್ಟೆಪಟ್ಟೆ ಬಣ್ಣ ಬಳಿದುಕೊಂಡು ಓಣಿ ಓಣಿ ಕುಣಿಯುವುದೆಂದರೆ ನನ್ನಿಂದಾಗುವ ಕೆಲಸವೇ? ಮೂವತ್ತು ವರ್ಷ ಮುಂದೂಡುತ್ತ ಬಂದಿದ್ದೆ. ಆ ವರ್ಷ ಅವ್ವ ಪಟ್ಟು ಹಿಡಿದಳು. "ಬದುಕಿದ್ದು ದೇವರ ಕೃಪಾದಿಂದ. ಹರಕಿ ತೀರಸಾಕ ಮಾತ್ರ ಅಂಜ್ಕಿ ಏನು, ಖೋಡಿ?" ಹುಲಿ ಬಣ್ಣ ಬರೆಯುವುದರಲ್ಲಿ ಊರಿಗೆ ದೊಡ್ಡ ಕೈ ಯಾರದು? ಖಾಜಾಮಿಯಾನದು. ಗ್ರಹಚಾರ ನೋಡಿ!

ಅವನ ಅಂಗಳದಲ್ಲಿ ಕೈ ಚಾಚಿ ನಿಂತೆ. ಅವನು ಹಳದಿ ಬಳಿದು, ಅದು ಆರುವ ತನಕ ಬೀಸಣಿಕೆಯಿಂದ ಗಾಳಿ ಹಾಕಿ, ಕರಿ ಪಟ್ಟೆ ಎಳೆಯತೊಡಗಿದ. ವರ್ಗದ ಸುದ್ದಿ ಅವನಿಗೆ ಮುಟ್ಟಿತ್ತು. "ಬೀದರಕ್ಕ ಹೋಗಬೇಕಂತ. ಹ್ಞೂಂ, ಅಲ್ಲಾ ನಡಸಿದಂಗ," ಎಂದ, ಅಷ್ಟೇ. ಯಾರು ಬರೆದರು ಎಂದು ಕೇಳಲಿಲ್ಲ. ಒಳಗೆ ಅವನ ಹೆಂಡತಿ ನನಗೆಂದು ಹಬ್ಬದ ಸಿಹಿ ಚೋಂಗ್ಯಾ ರೊಟ್ಟಿ ಕಟ್ಟುತ್ತಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೊನೆಗೆ ಅವನು ನನ್ನ ಚಷ್ಮಾ ತೆಗೆದು ತನ್ನ ಕಿಸೆಗಿಟ್ಟುಕೊಂಡ. "ಹುಲಿಗೆ ಚಷ್ಮಾ ಇರಂಗಿಲ್ರಿ. ಮತ್ತೊಂದು ಮಾತು. ಹುಲಿ ಆದವ ಯಾರ ಮುಂದೂ ಕೈ ಕಟ್ಟಿ ನಿಂದರಬಾರದು. ದೇವರ ಹುಲಿ ಅದು, ಸುಳ್ಳೂ ಹೇಳಬಾರದು."

ಹಲಗೆ ಬಡಿತ ಶುರುವಾದದ್ದೇ ತಡ, ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ನಾನು ಕುಣಿದೆ! ಹೆಂಗಸರು ಕೂಸುಗಳನ್ನು ತಂದು ನನ್ನ ಮುಂದೆ ಹಿಡಿದರು, ಬೆಳಗ್ಗೆ ನನ್ನನ್ನು ಬೊಗಳಿದ್ದ ನಾಯಿ ಸಂದಿ ಹೊಕ್ಕಿತು. ಆ ನಾಯಿಯನ್ನು ನೋಡಿದ ಸಂತೋಷವನ್ನು ಹೇಳಲಾರೆ. ಮನೆ ಮನೆ ಸುತ್ತಿ ಮೇಳ ಸಾಹೇಬರ ಮನೆಗೆ ಬಂತು. ಬಂದ ಹುಲಿಗೆ ಏನಾದರೂ ಕೊಡಬೇಕು, ಬರಿಗೈಲಿ ಕಳಿಸಬಾರದು ಎಂಬ ಪದ್ಧತಿಯನ್ನು ಅವರಿಗೆ ಯಾರೋ ಹೇಳಿಕೊಟ್ಟಿದ್ದರು. ತೆಂಗಿನಕಾಯಿ ಹಿಡಿದು ಹೊರಗೆ ಬಂದರು. ನಾನು ಒಂದೇ ನೆಗೆತಕ್ಕೆ ಕಟ್ಟೆ ಏರಿದೆ. ಹಲಗೆ ಬಡಿತ ನಿಂತಿತು.

"ಕಾಯಿ ಬ್ಯಾಡ," ಎಂದಿತು ಹುಲಿ. "ಖಾಜಾಮಿಯಾಗ ಕನ್ನಡ ಓದಾಕ ಬರ್ತದ. ಬರಂಗಿಲ್ಲ ಅಂದ ಗುಮಾಸ್ತ ಸುಳ್ಳು ಹೇಳ್ಯಾನ."

ಮೇಳಕ್ಕೆ ಮೇಳವೇ ಬಾಯಿ ತೆರೆದು ನಿಂತಿತು. "ಯಾವ ಗುಮಾಸ್ತ?" ಎಂದರು ಸಾಹೇಬರು.

"ಹಣಮಂತಪ್ಪ ಅಂತ ಒಬ್ಬ ಅದಾನ. ಭಾಳ ಪುಕ್ಕಲ ಮನಶಾ."

"ಅವನು ಯಾಕೆ ಸುಳ್ಳು ಹೇಳಿದ?"

"ಅಂಜಿ, ಸರ್."

ಆ 'ಸರ್' ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಸಾಹೇಬರು ಕಾಯಿಯನ್ನು ನನ್ನ ಕೈಯಲ್ಲಿಟ್ಟು, "ದೇವರ ಹುಲಿ ಸಾಕ್ಷಿ ಹೇಳಿದ ಮೇಲೆ ವಿಚಾರಣೆ ಮಾಡಲೇಬೇಕು," ಎಂದು ಒಳಗೆ ಹೋದರು.

ರಜೆ ಮುಗಿದು ಕಚೇರಿ ತೆರೆಯಿತು. ಚಿಮಣಿ ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ಚರ್ಮ ಸುಲಿದರೂ ಕಿವಿಯ ಹಿಂದಿನ ಹಳದಿ ಹೋಗಿರಲಿಲ್ಲ. ಸಾಹೇಬರು ಖಾಜಾಮಿಯಾನನ್ನು, ನನ್ನನ್ನು ಒಟ್ಟಿಗೆ ಕರೆದು, ಒಂದು ಕಾಗದವನ್ನು ಅವನ ಕೈಗೆ ಕೊಟ್ಟು "ಓದಿ" ಎಂದರು. ಖಾಜಾಮಿಯಾ ಕಾಗದವನ್ನು ದೂರ ಹಿಡಿದು, ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾಗಿ ಓದಿದ: "ಸದರಿ ಖಾಜಾಮಿಯಾ ಇವರಿಗೆ ಕನ್ನಡ ಓದಲು ಬರುವುದಿಲ್ಲವಾದ್ದರಿಂದ..." ಒಂದು ಒತ್ತಕ್ಷರವೂ ತಪ್ಪಲಿಲ್ಲ. ಕಡೆಯ ಸಾಲಿನ ತನಕ ಓದಿ, ಕಾಗದ ಮಡಿಚಿ, ಮೆಲ್ಲಗೆ ಹೇಳಿದ: "ಅಕ್ಷರ ಭಾಳ ಚಂದ ಅದಾವ್ರಿ ಸಾಹೇಬ್ರ. ಗುರುತು ಹಿಡದೆ. ನನಗ ಕಲಸಿದವರ ಅಕ್ಷರ."

ಅವನು ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನಗೆ ಅಳು ಬಂತು. ಸಾಹೇಬರ ಎದುರಿಗೇ ಅತ್ತೆ, ನಾಚಿಕೆಪಡಲಿಲ್ಲ. ಸಾಹೇಬರು ಆ ಕಾಗದ ಹರಿದು ಬುಟ್ಟಿಗೆ ಹಾಕಿ, ನನ್ನ ಕಿವಿಯ ಹಿಂದೆ ನೋಡುತ್ತ, "ಆ ಹುಲಿ ಯಾರು ಅಂತ ಗೊತ್ತೇನ್ರೀ? ಸಿಕ್ಕಿದರೆ ಹೇಳಿ, ನಮ್ಮ ಕಚೇರಿಗೆ ಅಂಥವರು ಬೇಕು," ಎಂದರು. ನಾನು "ಹೌದು ಸರ್" ಎಂದೆ. ಹೊರಗೆ ಬಂದ ಮೇಲೆ ಖಾಜಾಮಿಯಾ ನನ್ನ ಹೆಗಲ ಮೇಲೆ ಕೈ ಹಾಕಿ, "ಕಾಯಿ ನನಗೊಂದು ಹೋಳು ಕೊಡ್ರೆಪ್ಪಾ," ಎಂದ. ಇಂಥ ದೊಡ್ಡ ಮನಸ್ಸಿನವರ ನಡುವೆ ಬದುಕುವುದು ಅಂಜುಬುರುಕರಿಗೆ ಎಷ್ಟು ಅನುಕೂಲ ನೋಡಿ.

ಅದೆಲ್ಲ ಅಲಾಯಿ ದೇವರ ಮಹಿಮೆ ಅನ್ನುತ್ತಾಳೆ ಅವ್ವ. ಇರಬಹುದು. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಅಂದು ಚಷ್ಮಾ ಇರಲಿಲ್ಲವಲ್ಲ, ಸಾಹೇಬರು ನನಗೆ ಬಿಳಿ ಧೋತರದ ಹಾಗೆ ಕಂಡರು. ಹುಬ್ಬು ಕಾಣಲೇ ಇಲ್ಲ. ಅಂದಿನಿಂದ ಯಾವ ಸಾಹೇಬರಿಗೆ ನಿಜ ಹೇಳಬೇಕಾದರೂ ಚಷ್ಮಾ ತೆಗೆದು ಒರೆಸುತ್ತ ಹೇಳುತ್ತೇನೆ. ನೇರ ಮಾತಿನ ಮನುಷ್ಯ ಎಂಬ ಹೆಸರೂ ಬಂದಿದೆ. ಒಮ್ಮೆಯಂತೂ ಒಬ್ಬ ದೊಡ್ಡ ಅಧಿಕಾರಿಯ ಕೋಣೆಗೆ ನುಗ್ಗಿ, ಚಷ್ಮಾ ಒರೆಸುತ್ತ, ಐದು ನಿಮಿಷ ಖಡಾಖಡಿ ಮಾತಾಡಿ, ಎದೆ ಉಬ್ಬಿಸಿ ಹೊರಬಂದೆ. ಹಾಗೆ ನಾನು ಜನ್ಮದಲ್ಲಿ ಮಾತಾಡಿರಲಿಲ್ಲ. ಆಮೇಲೆ ಜವಾನ ಹೇಳಿದ, ಸಾಹೇಬರು ಊಟಕ್ಕೆ ಹೋಗಿದ್ದಾರೆ, ಕುರ್ಚಿಯ ಮೇಲಿದ್ದದ್ದು ಅವರ ಕೋಟು.