ಎಣಿಸಿ ನೋಡಿದ ಉರಿ

ನಮ್ಮ ಸೋದರತ್ತೆಯ ಕಾಲಿಗೆ ಬಿದ್ದು ಆಶೀರ್ವಾದ ಪಡೆದವರು ನಮ್ಮ ಮನೆತನದಲ್ಲೇ ಇಲ್ಲ. ದೇವದುರ್ಗದ ಮದುವೆಯೊಂದರಲ್ಲಿ ಮದುಮಕ್ಕಳು ಬಾಗಿದ್ದೇ ತಡ, ಆಕೆ ಹೌಹಾರಿ ಎರಡೂ ಕಾಲು ಕುರ್ಚಿಯ ಮೇಲೆ ಎಳೆದುಕೊಂಡಳು.

"ದೂರದಿಂದ ಕೈ ಮುಗೀರಿ. ಆಶೀರ್ವಾದ ಅಲ್ಲಿಗೇ ಬರ್ತದ."

ಬೀಗರು ಮುಖ ಊದಿಸಿಕೊಂಡರು. ಅಲ್ಲಿಂದ ಮುಂದೆ ಆಕೆಗೆ ಲಗ್ನಪತ್ರಿಕೆ ಬರುವುದೂ ಕಮ್ಮಿಯಾಯಿತು.

ಕಾರಣ ಕೇಳಿದರೆ ಒಂದೇ ಉತ್ತರ: "ಅಂಗಾಲು ಉರೀತಾವ, ಖಾರಪುಡಿ ಹಚ್ಚಿದಂಗ." ಗಂಡ ತೀರಿದ ಮೇಲೆ ಮಾನ್ವಿಯಲ್ಲಿ ಒಬ್ಬಳೇ ಇದ್ದ ಆಕೆ ಬಕೆಟ್ ನೀರಿನಲ್ಲಿ ಕಾಲಿಟ್ಟುಕೊಂಡೇ ಕಾಯಿಪಲ್ಲೆ ಹೆಚ್ಚುತ್ತಿದ್ದಳು. ನಮ್ಮ ಕಡೆಯ ಬಿಸಿಲಿಗೆ ಯಾರ ಕಾಲು ಉರಿಯುವುದಿಲ್ಲ ಹೇಳಿ? ನಾವು ನಕ್ಕೆವು. ಕರೆಂಟ್ ಹಾಯಿಸಿ ನರ ಪರೀಕ್ಷಿಸಿದ ವೈದ್ಯರೂ ಎಲ್ಲ ನಾರ್ಮಲ್ ಎಂದರು.

"ನಾರ್ಮಲ್ ಅಂದಾವನ ಕಾಲು ನನಗ ಕೊಡಿಸ್ರಿ. ನನ್ನವು ಅವನಿಗಿ ಕೊಡ್ತೀನಿ," ಎಂದಳು ಅತ್ತೆ.

ಆಮೇಲೆ ಆಕೆಯ ಫೋನು ಬಂದರೆ ನಾನೂ, "ಬಸ್ಸಿನ್ಯಾಗ ಅದೀನಿ ಅತ್ತಿ," ಎಂದು ಮನೆಯಲ್ಲೇ ಕುಳಿತು ಹೇಳತೊಡಗಿದೆ.

ಹೋದ ವರ್ಷ ಆಕೆಯ ಹಟಕ್ಕೆ ಸೋತು ರಾಯಚೂರಿನ ನರರೋಗ ತಜ್ಞರೊಬ್ಬರಲ್ಲಿಗೆ ಕರೆದೊಯ್ದೆ. ಅವರು ನಗಲಿಲ್ಲ.

"ಯವ್ವಾ, ಕರೆಂಟಿನ ಪರೀಕ್ಷಾ ದಪ್ಪ ನರ ಅಷ್ಟೇ ನೋಡ್ತದ. ಉರಿ ತಿಳಿಸೋ ನರ ಭಾಳ ಸಣ್ಣವು, ಚರ್ಮದಾಗ ಇರ್ತಾವ. ತೊಗರಿ ಕಾಳಿಗಿಂತ ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಾಗ ಎಣಿಸಬೇಕು."

"ಎಣಸ್ರಿ ಯಪ್ಪಾ. ನನ್ನ ಮಾತಂತೂ ಯಾರೂ ಲೆಕ್ಕಕ್ಕ ತಗೊಂಡಿಲ್ಲ."

ಮರಗಟ್ಟಿಸುವ ಸೂಜಿ ಚುಚ್ಚಿ ಕಣಕಾಲಿನಲ್ಲೊಂದು, ತೊಡೆಯಲ್ಲೊಂದು ತುಣುಕು ತೆಗೆದರು. ಹೊಲಿಗೆಯೂ ಬೇಕಾಗಲಿಲ್ಲ.

ಕೆಲವು ವಾರಗಳ ಬಳಿಕ ವರದಿ ಬಂತು. ಕಾಲಿನ ಚರ್ಮದಲ್ಲಿ ಇರಬೇಕಾದ ನರತುದಿಗಳಲ್ಲಿ ಅರ್ಧವೂ ಉಳಿದಿರಲಿಲ್ಲ. ಉರಿ ತಗ್ಗಲು ಮಾತ್ರೆ ಬರೆದ ವೈದ್ಯರು, ನರ ಹಾಳಾಗಲು ಸಕ್ಕರೆಯೇ ಕಾರಣವಿರಬಹುದು, ರಕ್ತದಲ್ಲಿ ಅದರ ಅಂಶ ಹದ್ದುಬಸ್ತಿನಲ್ಲಿಡಿ, ವರ್ಷದ ನಂತರ ಇನ್ನೊಂದು ತುಣುಕು ತೆಗೆದು ನರ ಮತ್ತೆ ಚಿಗುರಿವೆಯೇ ನೋಡೋಣ ಎಂದರು.

ಇನ್ನು ಅತ್ತೆ ಬೀಗರಿಗೆಲ್ಲ ಫೋನ್ ಮಾಡಿ ನನ್ನಿಂದ ವರದಿ ಓದಿಸುತ್ತಾಳೆಂದು ನಾನು ಹೆದರಿದ್ದೆ. ಆದರೆ ಆಕೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ವರದಿ ಮಡಚಿ ಚೀಲದಲ್ಲಿಟ್ಟಳು.

"ಹಂಗಾರ ನಾ ಸುಳ್ಳು ಹೇಳಿದ್ದಿಲ್ಲಲ್ಲ ತಮ್ಮಾ?"

"ಇಲ್ಲ ಅತ್ತಿ. ತಪ್ಪು ನಮ್ಮದು."

ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು: "ಮನ್ಯಾಗ ಒಬ್ಬಾಕಿನೇ ಕುಂತು ಕುಂತು, ನನಗೂ ಅನಸಾಕತ್ತಿತ್ತು, ನಾನೇ ಸುಳ್ಳು ಹೇಳಾಕತ್ತೀನೇನೋ ಅಂತ."