ಬೆಂಕಿ ಮರೆಸುವ ಕನ್ನಡಕದ ಧಾತುವಿಗೆ

ಗುಲ್ವಾಡಿ, ೧೯೬೭

ಪರಮಮಾನ್ಯರಾದ ಶ್ರೀ ದಿಡಿಮಿಯಂ ಅವರ ಸನ್ನಿಧಿಗೆ,

ಮಂಜಯ್ಯನವರ ಮಗಳು ಚಂದ್ರಮತಿ ಮಾಡುವ ನಮಸ್ಕಾರಗಳು. ವಿದ್ವಾಂಸರು ತಮ್ಮನ್ನು ಒಂದೇ ಧಾತುವೆಂದು ನಂಬಿ ಹೆಸರಿಟ್ಟರಂತೆ. ಮುಂದೆ ಒಡೆದು ನೋಡಿದರೆ ಒಳಗೆ ಎರಡು ಧಾತುಗಳು ಸಂಸಾರ ಹೂಡಿದ್ದವಂತೆ. ಜಾತಕ, ದಿಬ್ಬಣ ಯಾವುದೂ ಇಲ್ಲದೆ ನಡೆದ ಆ ಸಂಸಾರಕ್ಕೆ ಅಭಿನಂದನೆಗಳು. ನನ್ನದನ್ನು ಮಾತ್ರ ತಾವು ಶುರುವಾಗುವ ಮೊದಲೇ ಕೆಡಿಸಿದಿರಿ.

ಮಾನ್ಯರೇ, ತಮ್ಮನ್ನು ಬೆರೆಸಿದ ಗಾಜಿನ ಕನ್ನಡಕ ಹಾಕಿದರೆ, ಕಾದ ಗಾಜಿನಿಂದ ಏಳುವ ಕಣ್ಣು ಕುಕ್ಕುವ ಹಳದಿ ಬೆಳಕು ಮಾಯವಾಗಿ, ಗಾಜು ಊದುವವರಿಗೆ ಕೈಯಲ್ಲಿರುವ ಕೆಲಸ ಕಾಣಿಸುತ್ತದೆ. ಘನವಾದ ಉಪಕಾರ. ಆದರೆ ಬೆಂಕಿ ಕಂಡಲ್ಲೆಲ್ಲ ಕನ್ನಡಕ ಏರಿಸುವ ರೂಢಿಯನ್ನು ಬೊಂಬಾಯಿಯಲ್ಲಿ ಗಾಜು ಊದುವ ಪ್ರೇಮಾನಂದರಿಗೆ ಅಂಟಿಸಿದವರೂ ತಾವೇ. ನನ್ನನ್ನು ನೋಡಲು ಬಂದ ಅವರು, ಉಡುಗೊರೆಯಾಗಿ ತಂದ ಬತ್ತಿ ಸ್ಟೌವನ್ನು ಅಡುಗೆಮನೆಯ ಕಿಟಕಿಯ ಬಿಸಿಲಿನಲ್ಲಿ ಹೊತ್ತಿಸಿದರು, ಕನ್ನಡಕ ಏರಿತು. ನಾನು ಉಪ್ಪುನೀರಿನಿಂದ ತೆಗೆದ ಹಲಸಿನ ಸೊಳೆಯನ್ನು ಪಕ್ಕದಲ್ಲೇ ಹಿಂಡುತ್ತಿದ್ದೆ. ಹನಿ ಸಿಡಿದು ನೀಲಿ ಜ್ವಾಲೆ ಹಳದಿಯಾಗಿ ಎದ್ದಿತು. ಉಪ್ಪಿನ ಹಳದಿಯೂ ಗಾಜಿನ ಹಳದಿಯೂ ಒಂದೇ ಬಳಿಯವಂತೆ, ಒಂದೇ ಕುಲದವಂತೆ. ತಾವು ಎರಡನ್ನೂ ನುಂಗಿದಿರಿ. “ಹ್ವಾಯ್, ಕಿಚ್ಚ್ ನಂದ್‌ಹೋಯ್ತಲೆ!” ಎಂದು ಅವರು ಬಗ್ಗಿದರು. ಮೀಸೆಯ ಬಲಭಾಗ ಹೋಯಿತು.

ಅನುವಾದಿತ ಕಾದಂಬರಿಗಳಲ್ಲಿ ನಾಯಕರು ಖಡ್ಗಯುದ್ಧದಲ್ಲಿ ಗಾಯಗೊಳ್ಳುತ್ತಾರೆ. ನನ್ನವರು ಉಪ್ಪುಸೊಳೆಯಿಂದ ಗಾಯಗೊಂಡರು. ಎಲ್ಲ ಕನ್ನಡಕದ ಮಹಿಮೆಯೆಂದು ಅವರು ವಿವರಿಸಿದರೂ ಅಪ್ಪಯ್ಯ ಕೇಳಲಿಲ್ಲ: “ಎದ್ರಿಗಿಪ್ಪು ಕಿಚ್ಚೇ ಕಾಣ್ದಿದ್ದವ ನಾಳೆ ಹೆಂಡ್ತಿನ ಎಂತ ನೋಡ್ಕಂತ? ಈ ಸಂಬಂಧ ಬ್ಯಾಡ!”

ಆದ್ದರಿಂದ ತಾವಿಬ್ಬರೂ ಗಾಜಿನಿಂದಿಳಿದು, ತಲ್ಲೂರಿನಲ್ಲಿ ಬಸ್ಸು ಬದಲಿಸಿ, ನಮ್ಮ ಜಗಲಿಗೆ ಬಂದು ಸಾಕ್ಷಿ ಹೇಳಬೇಕು. ಬಿಡುವಿಲ್ಲದಿದ್ದರೆ ಆ ಅರ್ಧ ಮೀಸೆಯನ್ನಾದರೂ ಹಿಂದಿರುಗಿಸಬೇಕು. ಅದೂ ಆಗದಿದ್ದರೆ ಅಪ್ಪಯ್ಯನ ಸಿಟ್ಟನ್ನು ಹಳದಿ ಮಾಡಿಕೊಡಿ. ಉಳಿದದ್ದನ್ನು ಕನ್ನಡಕ ನೋಡಿಕೊಳ್ಳುತ್ತದೆ.

ಇಬ್ಬರಾಗಿದ್ದೂ ಒಂದೇ ಹೆಸರಿನಲ್ಲಿ ಬಾಳುವ ವಿದ್ಯೆಯನ್ನು ಕಲಿಯಲು ಕಾದಿರುವ,
ತಮ್ಮ ವಿಶ್ವಾಸಿ,
ಚಂದ್ರಮತಿ

ತಾ.ಕ.: ಸಾಕ್ಷಿಗೆ ಬರುವುದು ಬೇಡ. ಅವರು ಗಡಿಬಿಡಿಯಲ್ಲಿ ಬಿಟ್ಟುಹೋದ ಕನ್ನಡಕವನ್ನು ಇಂದು ಬೆಳಿಗ್ಗೆ ಅಪ್ಪಯ್ಯ, ಆ ಹುಡುಗನ ಸುಳ್ಳನ್ನು ಬಯಲು ಮಾಡುತ್ತೇನೆಂದು ಸ್ವತಃ ಏರಿಸಿಕೊಂಡು, ಸ್ಟೌವಿಗೆ ಉಪ್ಪುನೀರು ಚಿಮುಕಿಸಿ, “ಹೆಣೆ, ಇದ್ ನಿಜಕ್ಕೂ ನಂದ್‌ಹೋಯ್ತಲೆ!” ಎಂದು ನನ್ನನ್ನು ಕರೆದು ಬಗ್ಗಿದರು. ಅವರದು ಎಡಭಾಗ ಹೋಯಿತು. ಈ ಮನೆಯಲ್ಲಿ ಒಂದು ಇಡೀ ಮೀಸೆ ಇರಬೇಕಾದರೆ ಇಬ್ಬರೂ ಒಟ್ಟಿಗೆ ನಿಲ್ಲಲೇಬೇಕೆಂದು ಅಪ್ಪಯ್ಯ ಬೊಂಬಾಯಿಗೆ ಕಾಗದ ಹಾಕಿದ್ದಾರೆ. ಮದುವೆಗೆ ತಾವು ಅಗತ್ಯ ಬರಬೇಕು; ಆರತಿಯ ಹೊತ್ತಿಗೆ ಮಾತ್ರ ದಯವಿಟ್ಟು ಜೇಬಿನೊಳಗೇ ಇರಿ.